ಸರ್ವರ್ ರೂಮಿಗೆ ಎಷ್ಟು ಟನ್ ಎಸಿ ಬೇಕು? ಲೇಬಲ್ ಕೂಡಿಸಿದರೆ 8 ಕಿಲೋವ್ಯಾಟ್ ಬರ್ತಿದೆ

ಲ್ಯಾಬ್_ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮ ಸರ್ವರ್ ರ‍್ಯಾಕನ್ನು ಮೂರನೇ ಮಹಡಿಯ ಸಣ್ಣ ಕೋಣೆಗೆ ಸಾಗಿಸಬೇಕು ಎಂದು ತೀರ್ಮಾನವಾಗಿದೆ. ಕೋಣೆ 10 ಅಡಿ × 12 ಅಡಿ, ಎತ್ತರ 10 ಅಡಿ. ಮೇಲೆ ಬರೀ ತಾರಸಿ. ಒಂದು ಗೋಡೆ ಪಶ್ಚಿಮಕ್ಕಿದೆ, ಸಂಜೆವರೆಗೂ ಬಿಸಿಲು ಬೀಳುತ್ತದೆ.

ರ‍್ಯಾಕಿನಲ್ಲಿ ಇರುವುದು: ಡೆಲ್ ಆರ್730 ಸರ್ವರ್ ಮೂರು. ಪ್ರತಿಯೊಂದರಲ್ಲೂ ಝಿಯಾನ್ ಇ5-2680 ವಿ4 ಪ್ರೊಸೆಸರ್ ಎರಡು, ಮೆಮೊರಿ 8 ಕಡ್ಡಿ, 10ಕೆ ಡಿಸ್ಕ್ 8, 750 ವ್ಯಾಟಿನ ಪವರ್ ಸಪ್ಲೈ ಎರಡೆರಡು. ಹೊಸದಾಗಿ ಒಂದು ಬರಲಿದೆ: ಝಿಯಾನ್ ಸಿಲ್ವರ್ 4310 ಎರಡು, ಮೆಮೊರಿ 16, ಎನ್‌ವಿಎಂಇ ಡಿಸ್ಕ್ 4, ಎನ್‌ವಿಡಿಯಾ ಎಲ್4 ಕಾರ್ಡ್ ಒಂದು, 1100 ವ್ಯಾಟ್ ಸಪ್ಲೈ ಎರಡು. ಜೊತೆಗೆ 12 ಡಿಸ್ಕಿನ ನ್ಯಾಸ್ (ನೆಟ್‌ವರ್ಕಿನಲ್ಲಿ ಎಲ್ಲರ ಫೈಲ್ ಇಡುವ ಪೆಟ್ಟಿಗೆ), 20 ಕ್ಯಾಮೆರಾಗಳಿಗೆ ಕರೆಂಟು ಕೊಡುವ ಪಿಒಇ ಸ್ವಿಚ್, ಮಾಮೂಲಿ ಸ್ವಿಚ್ ಎರಡು, ಫೈರ್‌ವಾಲ್, ಕ್ಯಾಮೆರಾ ರೆಕಾರ್ಡರ್. ಹಳೆಯ 6 ಕೆವಿಎ ಆನ್‌ಲೈನ್ ಯುಪಿಎಸ್ ಮತ್ತು ಅದರ 16 ಬ್ಯಾಟರಿಗಳೂ ಇದೇ ಕೋಣೆಗೆ ಬರುತ್ತವೆ.

ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಎಲ್ಲ ಲೇಬಲ್ ಕೂಡಿಸಿ 8.2 ಕಿಲೋವ್ಯಾಟ್ ಅಂದರು. ಅದಕ್ಕೆ ಹೊಸ 10 ಕೆವಿಎ ಯುಪಿಎಸ್, ಮೂರು ಟನ್ನಿನ ಒಂದು ಎಸಿ ಬೇಕಂತೆ. ಖರೀದಿ ಸಮಿತಿಯವರು "ನಾಲ್ಕು ಕಂಪ್ಯೂಟರಿಗೆ ಅಷ್ಟೆಲ್ಲ ಯಾಕೆ, ಈಗಿರೋ ಒಂದೂವರೆ ಟನ್ ಎಸಿನೇ ಕಿತ್ತು ಅಲ್ಲಿ ಹಾಕಿ" ಅನ್ನುತ್ತಿದ್ದಾರೆ. ಪ್ರಾಂಶುಪಾಲರು ಲೆಕ್ಕ ಬರೆದು ಕೊಡಿ ಅಂದಿದ್ದಾರೆ. ಯಾರ ಮಾತು ಸರಿ? ಲೆಕ್ಕ ಎಲ್ಲಿಂದ ಶುರು ಮಾಡಲಿ?

ರ‍್ಯಾಕ್_ರಂಗ:

ಮೇಡಂ, ಲೇಬಲ್ ಕೂಡಿಸೋದು ಬೇಡವೇ ಬೇಡ. ತಯಾರಕರೇ ಲೆಕ್ಕದ ಸಾಧನ ಕೊಟ್ಟಿದ್ದಾರೆ. ಡೆಲ್‌ನವರದು ಎಂಟರ್‌ಪ್ರೈಸ್ ಇನ್‌ಫ್ರಾಸ್ಟ್ರಕ್ಚರ್ ಪ್ಲ್ಯಾನಿಂಗ್ ಟೂಲ್, ಎಚ್‌ಪಿಇಯವರದು ಪವರ್ ಅಡ್ವೈಸರ್. ನಿಮ್ಮ ಪ್ರೊಸೆಸರ್, ಮೆಮೊರಿ, ಡಿಸ್ಕ್ ಎಲ್ಲ ಆರಿಸಿದರೆ ವ್ಯಾಟು, ಬಿಟಿಯು (ಬಿಸಿ ಅಳೆಯೋ ಮಾನ) ಎರಡನ್ನೂ ಕೊಡುತ್ತೆ. ಅದರ ಪ್ರಿಂಟ್ ತೆಗೆದು ಲಗತ್ತಿಸಿಬಿಡಿ, ಸಮಿತಿಯವರು ಕಂಪನಿ ಹೆಸರು ನೋಡಿದರೆ ಸುಮ್ಮನಾಗ್ತಾರೆ. ಸ್ಪೆಕ್‌ಪವರ್ ಅನ್ನೋ ಬೆಂಚ್‌ಮಾರ್ಕಿನ ಫಲಿತಾಂಶಗಳೂ ಬಹಿರಂಗವಾಗಿ ಸಿಗುತ್ತವೆ. ಖಾಲಿ ಕೂತಾಗಿನಿಂದ ಹಿಡಿದು ಶೇ. 100 ಕೆಲಸದವರೆಗೆ ಹಂತ ಹಂತವಾಗಿ ಎಷ್ಟು ವ್ಯಾಟ್ ಅಂತ ಇರುತ್ತೆ. ಆದರೆ ಅದಕ್ಕೆ ಕಳಿಸುವ ಸರ್ವರುಗಳನ್ನ ಕರೆಂಟು ಉಳಿಸೋ ಹಾಗೇ ಜೋಡಿಸಿರ್ತಾರೆ, ನಿಮ್ಮದು ಅದಕ್ಕಿಂತ ಜಾಸ್ತಿ ತಿನ್ನುತ್ತೆ ಅಂತಲೇ ಇಟ್ಟುಕೊಳ್ಳಿ.

ಹುಬ್ಬಳ್ಳಿ_ಯುಪಿಎಸ್:

ಮೇಡಂ, ನಮಸ್ಕಾರ್ರಿ. ನಾ ಹುಬ್ಬಳ್ಳಿಯಂವ. ಯುಪಿಎಸ್ ಸರ್ವಿಸ್ ಮಾಡ್ಕೋತ ಉತ್ತರ ಕರ್ನಾಟಕ ಪೂರಾ ತಿರುಗೀನಿ, ಈಗ ಬೆಂಗಳೂರಾಗ ಒಂದು ಡೇಟಾ ಸೆಂಟರಿನ ಕರೆಂಟು, ಕೂಲಿಂಗ್ ಎರಡೂ ನೋಡ್ಕೋತೀನಿ. ರಂಗ ಅವರು ಹೇಳಿದ ಟೂಲ್ ಖರೇನ ಚೊಲೋ ಅದಾವ. ಆದ್ರ ನಿಮ್ಮ ಮೂರು ಸರ್ವರ್ ಈಗಾಗ್ಲೇ ಓಡ್ಲಿಕ್ಕತ್ತಾವಲ್ಲ, ಓಡೋ ಸರ್ವರಿಗೆ ಅಂದಾಜು ಯಾಕ್ರಿ? ಅಳದು ನೋಡ್ರಿ.

ಮೊದಲ ಕಾಂಟ್ರಾಕ್ಟರರ 8.2ರ ವಿಚಾರ. ಪವರ್ ಸಪ್ಲೈ ಮ್ಯಾಲ 750 ಅಂತ ಬರದದ್ದು ಅದು ಗರಿಷ್ಠ ಎಷ್ಟು ಕೊಡಬಲ್ಲದು ಅನ್ನೋದು. ಬಸ್ಸಿನ್ಯಾಗ 50 ಸೀಟು ಅದಾವ ಅಂತ ದಿನಾ 50 ಮಂದಿ ಹತ್ತಂಗಿಲ್ಲ. ಅದರ ಮ್ಯಾಲ, ಎರಡು ಸಪ್ಲೈ ಇರೋದು ಒಂದು ಸತ್ರ ಇನ್ನೊಂದು ಪೂರಾ ಹೊರ್ಲಿ ಅಂತ. ಎರಡೂ ಸರಿ ಇದ್ದಾಗ ಲೋಡ್ ಅರ್ಧರ್ಧ ಹಂಚ್ಕೋತಾವ. ಅಂದ್ರ ಒಂದು ಸರ್ವರಿಗೆ 1500 ಅಂತ ಬರಿಯೋದು ಎರಡೂ ಕಡೆಯಿಂದ ತಪ್ಪು.

ಹಂಗಾರ ಖರೆ ಎಷ್ಟು? ಆರ್730 ತಗೋರಿ. ಆ ಪ್ರೊಸೆಸರಿನ ಟಿಡಿಪಿ, ಅಂದ್ರ ಪೂರಾ ದುಡಿಯೋವಾಗ ಬಿಡೋ ಬಿಸಿ ಅಂತ ತಯಾರಕರು ಕೊಟ್ಟ ಅಂಕಿ, 120 ವ್ಯಾಟ್, ಎರಡಕ್ಕ 240. ಮೆಮೊರಿ ಕಡ್ಡಿಗೆ 4ರಂಗ 8ಕ್ಕ 32. 10ಕೆ ಡಿಸ್ಕಿಗೆ 7ರಂಗ 8ಕ್ಕ 56. ಬೋರ್ಡು, ರೇಡ್ ಕಾರ್ಡು, ನೆಟ್‌ವರ್ಕ್ ಕಾರ್ಡು, ಫ್ಯಾನು ಎಲ್ಲಾ ಸೇರಿ 70 ಇಡ್ರಿ. ಒಟ್ಟು 398. ಪವರ್ ಸಪ್ಲೈ ತನ್ನೊಳಗ ಸ್ವಲ್ಪ ಸುಟ್ಕೋತದ, ಅದಕ 0.92ರಿಂದ ಭಾಗಿಸ್ರಿ: 433 ವ್ಯಾಟ್. ಇದು ಪ್ರೊಸೆಸರ್ ಎಲ್ಲಾ ಕೋರ್ ಬೆವರು ಸುರಿಸಿ ದುಡಿಯೋವಾಗಿನ ಮಾತು. ಕಾಲೇಜಿನ ಸರ್ವರ್ ದಿನದ ಬಹುಪಾಲು ಅದರ ಅರ್ಧಕ್ಕಿಂತ ಕಡಿಮಿ ತಿಂತದ.

ಹೊಸಾದು: ಸಿಲ್ವರ್ 4310ದೂ ಟಿಡಿಪಿ 120, ಎರಡಕ್ಕ 240. ಮೆಮೊರಿ 16ಕ್ಕ 80. ಎನ್‌ವಿಎಂಇ ನಾಕಕ್ಕ 40. ಎಲ್4 ಕಾರ್ಡು 72, ಭಾಳ ಮಿತಾಹಾರಿ ಅದು, ಬ್ಯಾರೆ ಪವರ್ ಕೇಬಲ್ ಸುದ್ಧಾ ಬೇಡಂಗಿಲ್ಲ. ಫ್ಯಾನ್, ಬೋರ್ಡ್ 100. ಒಟ್ಟು 532, ಅದನ್ನ 0.94ರಿಂದ ಭಾಗಿಸಿದ್ರ 566.

ನ್ಯಾಸ್ 170, ಸ್ವಿಚ್ ಎರಡಕ್ಕ 90, ಫೈರ್‌ವಾಲ್ ಮತ್ತ ಇಂಟರ್‌ನೆಟ್ ಡಬ್ಬಿ 50, ರೆಕಾರ್ಡರ್ 70. ಪಿಒಇ ಸ್ವಿಚ್ಚಿಗೆ ಕ್ಯಾಮೆರಾಗೆ 6 ವ್ಯಾಟಿನಂಗ 120, ತನಗ 50, ಸಪ್ಲೈ ನಷ್ಟ ಸೇರಿ 189. ಎಲ್ಲಾ ಕೂಡಿಸಿದ್ರ 2434. ಅಂದ್ರ ಎಲ್ಲಾ ಒಮ್ಮೆಲೆ ಗರಿಷ್ಠಕ್ಕ ಹೋದ್ರೂ ಎರಡೂವರೆ ಕಿಲೋವ್ಯಾಟ್ ಮುಟ್ಟಂಗಿಲ್ಲ. 8.2 ಎಲ್ಲಿ, ಇದು ಎಲ್ಲಿ.

ಈಗ ಅಳಿಯೋ ಕೆಲಸ. ಐಡ್ರ್ಯಾಕ್‌ಗೆ (ಡೆಲ್ ಸರ್ವರನ್ನ ದೂರದಿಂದ ನೋಡ್ಕೊಳ್ಳಲಿಕ್ಕ ಅದರೊಳಗ ಇರೋ ವ್ಯವಸ್ಥಾ) ಲಾಗಿನ್ ಆಗ್ರಿ, ಪವರ್ ಅಂತ ಒಂದು ಪುಟ ಅದ. ಈಗ ಎಷ್ಟು, ಸರಾಸರಿ ಎಷ್ಟು, ಯಾವ ದಿನ ಯಾವ ಹೊತ್ತಿಗೆ ಅತಿ ಹೆಚ್ಚು ಅನ್ನೋದೆಲ್ಲಾ ಅಲ್ಲೇ ಇರ್ತದ. ಆ ಹೆಚ್ಚಿನ ಅಂಕಿ ಮುಖ್ಯ. ಅದನ್ನ ಯಾರಾದ್ರೂ ರೀಸೆಟ್ ಮಾಡಿದ್ರ ಹಳೇದು ಸಿಗಂಗಿಲ್ಲ, ಆವಾಗ ಆನ್‌ಲೈನ್ ಪರೀಕ್ಷೆ ನಡದ ದಿನ ನೋಡ್ರಿ. ಉಳಿದ ಸಾಮಾನಿಗೆ ನಿಮ್ಮ ಎಲೆಕ್ಟ್ರಿಕಲ್ ವಿಭಾಗದಿಂದ ಕ್ಲ್ಯಾಂಪ್ ಮೀಟರ್ ತರಿಸ್ರಿ. ಒಂದು ಎಚ್ಚರ: ಮೀಟರಿನ ಬಾಯಿ ಪೂರಾ ವೈರಿಗೆ ಹಾಕಿದ್ರ ಸೊನ್ನೆ ತೋರಿಸ್ತದ, ಯಾಕಂದ್ರ ಹೋಗೋ ಕರೆಂಟು ಬರೋ ಕರೆಂಟು ಒಂದಕ್ಕೊಂದು ಕಡೀತಾವ. ಫೇಸ್ ವೈರು ಒಂದನ್ನ ಹಿಡೀಬೇಕು. ಯುಪಿಎಸ್ ಔಟ್‌ಪುಟ್ ಡಿಬಿಯೊಳಗ (ವೈರು ಹಂಚೋ ಪೆಟ್ಟಿಗಿ) ಹಿಡಿಯೋದು ಸರಳ, ಆದ್ರ ಎಲೆಕ್ಟ್ರಿಷಿಯನ್ ಕೈಲೆ ಮಾಡಸ್ರಿ. ಬಂದ ಆಂಪಿಯರನ್ನ ವೋಲ್ಟಿಗೆ ಗುಣಿಸಿದ್ರ ಸಿಗೋದು ವಿಎ, ವ್ಯಾಟ್ ಅದಕಿಂತ ಸ್ವಲ್ಪ ಕಡಿಮಿ. ಈಗಿನ ಪವರ್ ಸಪ್ಲೈಗಳು ಪವರ್ ಫ್ಯಾಕ್ಟರ್ (ವಿಎದಾಗ ವ್ಯಾಟಿನ ಪಾಲು) ತಾವೇ ತಿದ್ಕೋತಾವ, ಅದಕ ಫರಕು ಹೆಚ್ಚಿರಂಗಿಲ್ಲ. ಆದ್ರ ಲೋಡ್ ಕಡಿಮಿ ಇದ್ದಷ್ಟೂ ಫರಕು ಬೆಳೀತದ.

ಇದಿಷ್ಟು ಮಾಡಿ ಅಂಕಿ ಹಾಕ್ರಿ, ಆಮ್ಯಾಲ ಟನ್ನಿಗೆ ಬರೋಣ. ಅಂದಂಗ, 10 ಕೆವಿಎ ಯುಪಿಎಸ್ ಕೈಬಿಡ್ರಿ. ದೊಡ್ಡ ಯುಪಿಎಸ್‌ಗೆ ಸಣ್ಣ ಲೋಡ್ ಕೊಟ್ರ ಅದರ ದಕ್ಷತೆ ಇಳೀತದ, ಆ ನಷ್ಟ ಅಷ್ಟೂ ಮತ್ತ ನಿಮ್ಮ ಕೋಣೀಗೆ ಬಿಸಿ.

ಮೂರನೇ_ಸೆಮ್:

ಸರ್, ಒಂದು ಡೌಟು. ಸರ್ವರ್ 400 ವ್ಯಾಟ್ ತಗೊಂಡ್ರೆ ಅದರಲ್ಲಿ ಒಂದು ಪಾಲು ಕಂಪ್ಯೂಟಿಂಗ್ ಕೆಲಸಕ್ಕೆ ಹೋಗುತ್ತಲ್ವಾ? ಉಳಿದಿದ್ದು ಮಾತ್ರ ಹೀಟ್ ಆಗ್ಬೇಕು. ಫ್ಯಾನ್ ಗಾಳಿ ತಳ್ಳೋದೂ ಕೆಲಸಾನೇ. ಹಾಗಿದ್ರೆ ಪೂರ್ತಿ 400ನ್ನೂ ಬಿಟಿಯು ಮಾಡಿದ್ರೆ ಜಾಸ್ತಿ ಆಗಲ್ವಾ?

ಹುಬ್ಬಳ್ಳಿ_ಯುಪಿಎಸ್:

ತಮ್ಮಾ, ಚೊಲೋ ಪ್ರಶ್ನೆ, ಭಾಳ ಮಂದಿ ಎಂಜಿನಿಯರೂ ಇಲ್ಲೇ ಎಡವ್ತಾರ. ಮೋಟರು ನೀರು ಮ್ಯಾಲ ಎತ್ತಿದ್ರ ಆ ಶಕ್ತಿ ಟಾಕಿಯೊಳಗ ಕೂತಿರ್ತದ. ಸರ್ವರ್ ಹಂಗ ಏನನ್ನೂ ಎತ್ತಿಡಂಗಿಲ್ಲ. ಟ್ರಾನ್ಸಿಸ್ಟರ್ ಒಂದರಿಂದ ಸೊನ್ನೆಗೆ ಹೊಳ್ಳಿದಾಗ ಅದರೊಳಗಿನ ಚಾರ್ಜು ಖಾಲಿಯಾಗಿ ಬಿಸಿ ಆಗ್ತದ, ಅಷ್ಟೇ. ಫ್ಯಾನು ತಳ್ಳಿದ ಗಾಳಿ ಗೋಡಿಗೆ, ವಸ್ತುಗಳಿಗೆ ತಿಕ್ಕಿ ನಿಂತ ಮ್ಯಾಲ ಅದೂ ಬಿಸಿನ. ನೆಟ್‌ವರ್ಕ್ ಕೇಬಲ್ ಹಿಡದು ಹೊರಗ ಹೋಗೋ ಸಿಗ್ನಲ್ಲಿನ ಶಕ್ತಿ ಲೆಕ್ಕಕ್ಕ ಹಿಡಿಯುವಷ್ಟು ಇಲ್ಲ. ಅದಕ ಒಳಗ ಹೋದ ವ್ಯಾಟ್ ಅಷ್ಟೂ ಕೋಣೀಗೆ ಬಿಸಿ ಅಂತ ಬರೀಬೇಕು. ಒಂದು ವ್ಯಾಟಿಗೆ ತಾಸಿಗೆ 3.412 ಬಿಟಿಯು. 12,000 ಬಿಟಿಯುಗೆ ಒಂದು ಟನ್, ಅಂದ್ರ 3.517 ಕಿಲೋವ್ಯಾಟ್.

ಒಂದೇ ಒಂದು ಬಿಟ್ಟು. ಮೇಡಂ ಹತ್ರ ಪಿಒಇ ಸ್ವಿಚ್ ಅದಲ್ಲ, ಅದರಿಂದ ಕ್ಯಾಮೆರಾಕ್ಕ ಹೋಗೋ 120 ವ್ಯಾಟ್ ಕ್ಯಾಮೆರಾ ಇರೋ ಕಾರಿಡಾರಿನಾಗ, ಗೇಟಿನಾಗ ಬಿಸಿ ಆಗ್ತದ. ಯುಪಿಎಸ್ ಲೆಕ್ಕದಾಗ ಅದನ್ನ ಹಿಡೀಬೇಕು, ಎಸಿ ಲೆಕ್ಕದಾಗ ಕಳೀಬೇಕು. ಸಣ್ಣ ಅಂಕಿ, ಆದ್ರ ಕ್ಯಾಮೆರಾ ನೂರು ಇರೋ ಕಟ್ಟಡದಾಗ ಇದು ಸಣ್ಣದಲ್ಲ.

ಕುಡ್ಲ_ಕೂಲಿಂಗ್:

ಲೆಕ್ಕ ಚೆಂದ ಉಂಟು. ಒಂದು ಸೇರಿಸ್ತೇನೆ. ಮಂಗಳೂರಿನಲ್ಲಿ ನಾವು ಎರಡು ಟನ್ ಎಸಿ ಹಾಕಿದರೆ ಸರ್ವರಿಗೆ ಸಿಗುವುದು ಒಂದೂವರೆ ಟನ್ನೂ ಕಷ್ಟ ಮಾರಾಯ್ರೆ. ಮನೆಗೆ ಹಾಕುವ ಸ್ಪ್ಲಿಟ್ ಎಸಿಯ ಸಾಮರ್ಥ್ಯದಲ್ಲಿ ಕಾಲು ಭಾಗದಷ್ಟು ಗಾಳಿಯ ತೇವಾಂಶ ತೆಗೆಯುವುದಕ್ಕೇ ಹೋಗ್ತದೆ. ಸರ್ವರ್ ಬೆವರುವುದಿಲ್ಲ ಅಲ್ವಾ, ಅದಕ್ಕೆ ಬೇಕಾದ್ದು ಒಣ ತಂಪು ಮಾತ್ರ. ಡ್ರೈನ್ ಪೈಪಿನಲ್ಲಿ ಬಕೆಟ್‌ಗಟ್ಟಲೆ ನೀರು ಬರ್ತಾ ಇದ್ದರೆ ನಿಮ್ಮ ದುಡ್ಡು ಅಲ್ಲಿ ಹರಿದು ಹೋಗ್ತಾ ಉಂಟು ಅಂತ ಅರ್ಥ. ಬಾಗಿಲಿನ ಸಂದಿ ಮುಚ್ಚಿ, ಹೊರಗಿನ ಗಾಳಿ ಒಳಗೆ ಬರದ ಹಾಗೆ ಮಾಡಿದರೆ ಅರ್ಧ ತೊಂದರೆ ಹೋಯ್ತು. ಕಲಬುರಗಿಯಲ್ಲಿ ಬೇಸಿಗೆ ಒಣ ಹವೆ, ನಿಮಗೆ ಈ ಪೆಟ್ಟು ಮಳೆಗಾಲದಲ್ಲಿ ಮಾತ್ರ ಬಿದ್ದೀತು.

ಮತ್ತೆ ಸೆಟ್ಟಿಂಗ್ 16ಕ್ಕೆ ಇಡುವ ಚಟ ಇದ್ದರೆ ಬಿಡಿ. ಆಶ್ರೇ ಅಂತ ಅಮೆರಿಕದ ಎಸಿ ಎಂಜಿನಿಯರುಗಳ ಸಂಘ ಉಂಟು, ಅದರ ಮಾರ್ಗಸೂಚಿಯ ಪ್ರಕಾರ ಸರ್ವರಿನ ಮುಂಭಾಗಕ್ಕೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಇದ್ದರೆ ಸಾಕು. ನಾನು 24 ಇಡ್ತೇನೆ.

ಲ್ಯಾಬ್_ಕಲಬುರಗಿ:

ಎಲ್ಲರಿಗೂ ಧನ್ಯವಾದ. ಐಡ್ರ್ಯಾಕ್‌ನಲ್ಲಿ ನೋಡಿದೆ. ಮಧ್ಯಾಹ್ನ ಲ್ಯಾಬ್ ನಡೆಯುವಾಗ ಮೂರು ಸರ್ವರ್ 138, 152, 171 ವ್ಯಾಟ್ ತೋರಿಸಿದವು. ಇದುವರೆಗಿನ ಗರಿಷ್ಠ 296, 310, 344. ಮೂರೂ ಬೇರೆ ಬೇರೆ ದಿನದವು.

ಎಲೆಕ್ಟ್ರಿಕಲ್ ವಿಭಾಗದವರು ಯುಪಿಎಸ್ ಔಟ್‌ಪುಟ್ಟಿನಲ್ಲಿ ಕ್ಲ್ಯಾಂಪ್ ಹಾಕಿ ಕೊಟ್ಟರು: 229 ವೋಲ್ಟ್, 4.6 ಆಂಪಿಯರ್. ಯುಪಿಎಸ್ ಪರದೆಯಲ್ಲಿ ಲೋಡ್ ಶೇ. 18. ಪ್ಲಗ್ ಮೀಟರಿನಲ್ಲಿ ನ್ಯಾಸ್ 148, ಪಿಒಇ ಸ್ವಿಚ್ 175, ಎರಡು ಸ್ವಿಚ್ ಸೇರಿ 80, ಫೈರ್‌ವಾಲ್ ಕಡೆಯದು 45, ರೆಕಾರ್ಡರ್ 62. ಹೊಸ ಸರ್ವರ್ ಇನ್ನೂ ಬಂದಿಲ್ಲ.

ಕಾಂಟ್ರಾಕ್ಟರರಿಗೆ ಈ ಅಂಕಿ ತೋರಿಸಿದೆ. "ಮೇಡಂ, ನಾಳೆ ಲೋಡ್ ಬೆಳೆದರೆ ನನ್ನನ್ನು ಕೇಳಬೇಡಿ" ಅಂದರು.

ಹುಬ್ಬಳ್ಳಿ_ಯುಪಿಎಸ್:

ಶಭಾಷ್ ಮೇಡಂ, ಅಂಕಿ ಎಲ್ಲಾ ಒಂದಕ್ಕೊಂದು ಕೂಡ್ತಾವ. ವ್ಯಾಟ್ ಎಲ್ಲಾ ಸೇರಿ 971. ಕ್ಲ್ಯಾಂಪ್ ಲೆಕ್ಕ 229 × 4.6 = 1053 ವಿಎ. ಪವರ್ ಫ್ಯಾಕ್ಟರ್ 0.92 ಬಂತು. 6000ದಾಗ 1053 ಅಂದ್ರ ಯುಪಿಎಸ್ ತೋರಿಸಿದ ಶೇ. 18ಕ್ಕೂ ಹೊಂದತದ. ಮೂರು ದಾರಿಯಿಂದ ಬಂದ್ರೂ ಒಂದೇ ಊರು ಮುಟ್ಟಿದ್ರ ಲೆಕ್ಕದ ಮ್ಯಾಲ ಭರವಸೆ ಇಡಬಹುದು. ಸಮಿತಿಗೆ ಕೊಡೋ ಕಾಗದದಾಗ ಈ ಮೂರನ್ನೂ ಬರೀರಿ.

ಈಗ ಗರಿಷ್ಠ. ನನ್ನ 433ರ ಬದಲು ನಿಮ್ಮ ಅಳತಿ ಹಾಕ್ರಿ: 296 + 310 + 344 = 950. ಹೊಸಾದಕ್ಕ ಅಳತಿ ಇಲ್ಲ, ಅದಕ ನನ್ನ 566 ಇರ್ಲಿ. ಉಳಿದದ್ದಕ್ಕ ಮ್ಯಾಲ ಹಾಕಿದ್ದ ಇರ್ಲಿ, 569. ಒಟ್ಟು 2085 ವ್ಯಾಟ್. ನಿಮ್ಮ 6 ಕೆವಿಎ ಯುಪಿಎಸ್‌ಗೆ ಪವರ್ ಫ್ಯಾಕ್ಟರ್ 0.8 ಇದ್ರೂ 4.8 ಕಿಲೋವ್ಯಾಟ್ ಹೊರ್ತದ. ಇನ್ನ ಅರ್ಧಕ್ಕಿಂತ ಹೆಚ್ಚು ಜಾಗ ಉಳೀತು, "ನಾಳೆ ಲೋಡ್ ಬೆಳೆದರೆ" ಅನ್ನೋ ಮಾತಿಗೆ ಉತ್ತರಾನೂ ಇದ. ಬ್ಯಾಟರಿ ಹಳೇವಾಗಿದ್ರ ಬ್ಯಾಟರಿ ಬದಲಿಸ್ರಿ, ಯುಪಿಎಸ್ ಅಲ್ಲ.

ಬಿಸಿಗೆ ಬರ್ರಿ. 2085ರಾಗ ಕ್ಯಾಮೆರಾದ 120 ಕಳದ್ರ 1965. ಯುಪಿಎಸ್ ದಕ್ಷತೆ ಶೇ. 91 ಅಂತ ಹಿಡದ್ರ ಅದರ ನಷ್ಟ 206. ಲೈಟ್ 40. ಒಳಗ ಒಬ್ರು ನಿಂತು ಕೆಲಸ ಮಾಡಿದ್ರ ಅವರದು 100, ಮನುಷ್ಯಾರೂ ಒಂದು ಹಳೇ ಬಲ್ಬಿನಷ್ಟು ಬಿಸಿ ಬಿಡ್ತಾರ. ಒಟ್ಟು 2311 ವ್ಯಾಟ್. ಇದನ್ನ 3.412ಕ್ಕ ಗುಣಿಸಿದ್ರ 7885 ಬಿಟಿಯು, ಮುಕ್ಕಾಲು ಟನ್ನೂ ಇಲ್ಲ. ಇಲ್ಲಿ ತನಕ ಸಮಿತಿಯವರದ್ದ ಖರೆ ಅನಸ್ತದ.

ಆದ್ರ ಕಲಬುರಗಿ ಬಿಸಲು ಈ ಲೆಕ್ಕದಾಗ ಇನ್ನೂ ಬಂದಿಲ್ಲ. ತಾರಸಿ 10 × 12 ಅಡಿ, ಅಂದ್ರ 11 ಚದರ ಮೀಟರ್. ಮ್ಯಾಲ ಯಾವ ಹೊದಿಕಿನೂ ಇಲ್ಲದ ಆರ್‌ಸಿಸಿ ಸ್ಲ್ಯಾಬು ಒಂದು ಚದರ ಮೀಟರಿಗೆ ಒಂದು ಡಿಗ್ರಿ ಫರಕಿಗೆ ಸುಮಾರು 3 ವ್ಯಾಟ್ ಒಳಗ ಬಿಡ್ತದ. ಏಪ್ರಿಲ್-ಮೇದಾಗ ಬಿಸಲಿಗೆ ಕಾದ ಸ್ಲ್ಯಾಬಿನ ಮೈಗೂ ಕೋಣೀ ಒಳಗಿನ 25ಕ್ಕೂ 30 ಡಿಗ್ರಿ ಫರಕು ಹಿಡೀರಿ, ಇದು ಹೆಚ್ಚೇನಲ್ಲ. 11 × 3 × 30 = 990 ವ್ಯಾಟ್. ಪಶ್ಚಿಮದ ಗೋಡಿ 9.3 ಚದರ ಮೀಟರ್, 9 ಇಂಚಿನ ಇಟ್ಟಂಗಿ ಗೋಡಿಗೆ 2 ವ್ಯಾಟ್, 20 ಡಿಗ್ರಿ ಫರಕು: 370. ಎರಡೂ ಸೇರಿ 1360. ಅಂದ್ರ ನಿಮ್ಮ ನಾಕು ಸರ್ವರಿನ ಗರಿಷ್ಠ ಬಿಸಿಗಿಂತ ಸೂರ್ಯಾಂದು ಅಷ್ಟೇನೂ ಕಡಿಮಿ ಇಲ್ಲ! ಒಟ್ಟು 3671 ವ್ಯಾಟ್, 12,525 ಬಿಟಿಯು, ಒಂದು ಟನ್ ದಾಟಿತು.

"ಹಂಗಾರ ಒಂದೂವರೆ ಟನ್ ಸಾಕಲ್ಲ" ಅಂತ ಸಮಿತಿಯವರು ಕೇಳ್ತಾರ. ಎಸಿ ಮ್ಯಾಲಿನ ಟನ್ನು ಬರದದ್ದು ಹೊರಗ 35 ಡಿಗ್ರಿ, ಒಳಗ 27 ಡಿಗ್ರಿ ಇಟ್ಟು ಅಳದಾಗ. ನಿಮ್ಮಲ್ಲಿ ಮೇ ತಿಂಗಳಾಗ ಹೊರಗ 43 ಇರ್ತದ, ಹೊರಗಿನ ಯುನಿಟ್ ತಾರಸಿ ಮ್ಯಾಲಿದ್ರ ಅದರ ಸುತ್ತಿನ ಗಾಳಿ ಇನ್ನೂ ಹೆಚ್ಚು. ಒಳಗ ನಿಮಗ ಬೇಕಾದ್ದು 24. ಎರಡೂ ಕಡೆಯಿಂದ ಸಾಮರ್ಥ್ಯ ಕಡೀತದ. ನಾ ಶೇ. 15 ಕಡೀತೀನಿ. ಒಂದೂವರೆ ಟನ್ 5.27 ಕಿಲೋವ್ಯಾಟ್, ಉಳಿಯೋದು 4.48. ಕುಡ್ಲದವರು ಹೇಳಿದ ತೇವಾಂಶದ ಪಾಲು ನಿಮ್ಮಲ್ಲಿ ಬ್ಯಾಸಿಗ್ಯಾಗ ಕಡಿಮಿ, ಆದ್ರೂ ಶೇ. 10 ಬಿಡ್ರಿ: 4.03. ಬೇಕಾದ್ದು 3.67. ಹೊಸಾ ಎಸಿ, ಫಿಲ್ಟರ್ ತೊಳದಿದ್ದು, ಗ್ಯಾಸ್ ಪೂರ್ತಿ ಇದ್ದದ್ದಾದ್ರ ಎಳೀತದ. ಗೋಡಿಯಿಂದ ಕಿತ್ತು ಇನ್ನೊಂದು ಗೋಡಿಗೆ ಹಾಕಿದ ಹಳೇದಾದ್ರ ನಾ ಸಹಿ ಮಾಡಂಗಿಲ್ಲ.

ನನ್ನ ಮಾತು ಕೇಳೋದಾದ್ರ: ಎರಡು ಟನ್ನಿನ ಹೊಸಾದು ಒಂದು ತಗೋರಿ, ಹಳೇ ಒಂದೂವರೆ ಟನ್ನಿಂದನ್ನ ಸರ್ವಿಸ್ ಮಾಡಿಸಿ ಪಕ್ಕಕ್ಕ ಹಾಕ್ರಿ. ಮೂರು ಟನ್ನಿಂದು ಒಂದು ಮಾತ್ರ ಬ್ಯಾಡ. ಅದರ ಕಂಪ್ರೆಸರ್ ಕೆಟ್ಟ ದಿನ ನಿಮ್ಮ ಹತ್ರ ಸೊನ್ನೆ ಟನ್. ಸರ್ವರಿಗೆ ಎರಡು ಪವರ್ ಸಪ್ಲೈ ಇಟ್ಟು ಎಸಿ ಒಂದೇ ಇಡೋದು ನನಗಂತೂ ಅರ್ಥ ಆಗದ ಲೆಕ್ಕ. ಎರಡನ್ನೂ ಪಾಳಿ ಮ್ಯಾಲ ಓಡಸ್ರಿ, ಅದಕ್ಕ ಟೈಮರ್ ಪೆಟ್ಟಿಗಿ ಸಿಗ್ತಾವ. ಒಂದು ಸೋತು ತಾಪಮಾನ 28 ದಾಟಿದ್ರ ಎರಡನೇದು ತಾನ ಚಾಲೂ ಆಗ್ಬೇಕು. ಖರೀದಿ ಮಾಡೋವಾಗ ಆಟೋ ರೀಸ್ಟಾರ್ಟ್ ಅದನೋ ಇಲ್ಲೋ ಕೇಳ್ರಿ. ಕರೆಂಟು ಹೋಗಿ ಬಂದ ಮ್ಯಾಲ ಯಾರೋ ರಿಮೋಟ್ ಒತ್ತಲಿ ಅಂತ ಕಾಯೋ ಎಸಿ ರವಿವಾರ ಕೆಲಸಕ್ಕ ಬರಂಗಿಲ್ಲ.

ಎಸಿ ನಿಂತ್ರ ಎಷ್ಟು ಹೊತ್ತು ಸಿಗ್ತದ ಅಂತ ಪ್ರಾಂಶುಪಾಲರು ಕೇಳಬಹುದು. ಕೋಣೀ ಗಾಳಿ 34 ಘನ ಮೀಟರ್. ಅಷ್ಟು ಗಾಳಿ ಒಂದು ಡಿಗ್ರಿ ಏರ್ಲಿಕ್ಕ 41 ಕಿಲೋಜೂಲ್ ಸಾಕು. 2.3 ಕಿಲೋವ್ಯಾಟ್ ಬಿಸಿಗೆ ಅದು 18 ಸೆಕೆಂಡ್. ಗೋಡಿ, ನೆಲ, ಕಬ್ಬಿಣ ಸ್ವಲ್ಪ ಕುಡಕೋತಾವ, ಅದಕ ಖರೇನ ಇಷ್ಟು ಜೋರಾಗಿ ಏರಂಗಿಲ್ಲ. ಆದ್ರೂ ತಾಸಿನ ಲೆಕ್ಕ ಅಲ್ಲ, ನಿಮಿಷದ ಲೆಕ್ಕ. ಎಸಿಯನ್ನ ಯುಪಿಎಸ್ ಮ್ಯಾಲ ಹಾಕಬ್ಯಾಡ್ರಿ, ಜನರೇಟರ್ ಲೈನಿಗೆ ಹಾಕ್ರಿ.

ಇನ್ನೊಂದು. ಗಾಳಿ ಸರ್ವರಿನ ಮುಂದಿನಿಂದ ಒಳಗ ಹೋಗಿ ಹಿಂದಿನಿಂದ ಹೊರಗ ಬರ್ತದ. ಎಸಿ ತಂಪು ರ‍್ಯಾಕಿನ ಮುಂದ ಬೀಳಬೇಕು. ನಾ ನೋಡಿದ ಭಾಳ ಕಡೆ ಎಸಿಯನ್ನ ರ‍್ಯಾಕಿನ ಬೆನ್ನಿಗೆ ಹಾಕಿರ್ತಾರ, ತಂಪು ಬಿಸಿ ಕೂಡಿ ಕಲಸಿ ಎರಡೂ ಕೆಡ್ತಾವ. ರ‍್ಯಾಕಿನ ನೆತ್ತಿ ಮ್ಯಾಲ ಹಾಕಿದ್ರ ಒಂದಿಲ್ಲೊಂದು ದಿನ ಡ್ರೈನ್ ಕಟ್ಟಿ ನೀರು ಸುರೀತದ. ಖಾಲಿ ಯು ಜಾಗಕ್ಕ (ಸರ್ವರ್ ಕೂಡೋ ಖಾನೆ) ಬ್ಲ್ಯಾಂಕಿಂಗ್ ಪ್ಲೇಟ್, ಅಂದ್ರ ಮುಚ್ಚೋ ಫಲಕ, ಹಾಕ್ರಿ, ಇಲ್ಲಂದ್ರ ಹಿಂದಿನ ಬಿಸಿ ಅದರಾಗಿಂದ ಮುಂದ ಬರ್ತದ. ಮುಂದಿನ ಗಾಳಿ ಬಿಸಿ ಆದ್ರ ಸರ್ವರಿನ ಫ್ಯಾನ್ ಜೋರಾಗ್ತಾವ. ಫ್ಯಾನಿನ ವೇಗ ಎರಡು ಪಟ್ಟಾದ್ರ ಅದು ತಿನ್ನೋ ಕರೆಂಟು ಎಂಟು ಪಟ್ಟು.

ಎಲ್ಲಕ್ಕಿಂತ ಅಗ್ಗದ ಕೆಲಸ ಎರಡು. ಒಂದು, ತಾರಸಿಗೆ ಬಿಳಿ ಸುಣ್ಣ ಹೊಡಸ್ರಿ ಅಥವಾ ಬಿಳಿ ರಿಫ್ಲೆಕ್ಟಿವ್ ಬಣ್ಣ. ಆ 990 ವ್ಯಾಟಿನಾಗ ದೊಡ್ಡ ಪಾಲು ಅಲ್ಲೇ ಹೊಳ್ಳಿ ಹೋಗ್ತದ. ಸಾಧ್ಯ ಇದ್ರ ಮೂರನೇ ಮಹಡಿನೇ ಬ್ಯಾಡ ಅನ್ರಿ. ನೆಲಮಹಡಿಯೊಳಗ ಉತ್ತರಕ್ಕಿರೋ, ಕೆಳಗ ಶಹಾಬಾದ್ ಕಲ್ಲು ಹಾಸಿದ ಯಾವುದಾರ ಹಳೇ ಸ್ಟೋರ್ ರೂಮ್ ಸಿಕ್ರ ಈ 1360ರ ಗೊಡವಿನೇ ಇಲ್ಲ. ಎರಡು, ಹೊಸ ಸರ್ವರ್ ಬಂದ ಮ್ಯಾಲ ಹಳೇ ಮೂರನ್ನೂ ಹಂಗ ಓಡಸ್ಕೋತ ಕೂಡಬ್ಯಾಡ್ರಿ. 138, 152, 171, ಇವು ಕೆಲಸ ಮಾಡಿ ತಿಂದದ್ದಲ್ಲ, ಹೆಚ್ಚುಕಡಿಮಿ ಸುಮ್ನ ಕುಂತು ತಿಂದದ್ದು. ವರ್ಚುವಲ್ ಮಷೀನ್ (ಒಂದೇ ಸರ್ವರಿನೊಳಗ ಓಡೋ ಸಾಫ್ಟ್‌ವೇರ್ ಸರ್ವರ್) ಮಾಡಿ ಎರಡು ಸರ್ವರಿನ ಕೆಲಸ ಹೊಸಾದಕ್ಕ ಸಾಗಸ್ರಿ. 300 ವ್ಯಾಟ್ ಉಳದ್ರ ತಿಂಗಳಿಗೆ 216 ಯುನಿಟ್, ಎಸಿ ಅದನ್ನ ಹೊರಗ ಹಾಕ್ಲಿಕ್ಕ ತಿನ್ನೋದು ಬ್ಯಾರೆ.

ರ‍್ಯಾಕ್_ರಂಗ:

ಅಣ್ಣಾ, ಒಂದು ವಿಷಯಕ್ಕೆ ನನ್ನ ತಕರಾರು. ಗರಿಷ್ಠಗಳು ಬೇರೆ ಬೇರೆ ದಿನದವು ಅಂತ ಮೇಡಂ ಹೇಳಿದ್ದಾರೆ. ಮೂರನ್ನೂ ಕೂಡಿಸಿದರೆ 950 ಯಾವತ್ತೂ ಒಟ್ಟಿಗೆ ಬರಲ್ಲ. ಇದೂ ಒಂದು ತರಹ ಲೇಬಲ್ ಕೂಡಿಸಿದ ಹಾಗೇ ಆಯ್ತಲ್ಲ?

ಹುಬ್ಬಳ್ಳಿ_ಯುಪಿಎಸ್:

ಖರೆ ಅದ ರಂಗಣ್ಣ. ನೂರು ಸರ್ವರ್ ಇದ್ರ ನಾನೂ ಕೂಡಸ್ತಿರ್ಲಿಲ್ಲ, ಅಲ್ಲಿ ಒಟ್ಟು ಗರಿಷ್ಠ ಬಿಡಿ ಗರಿಷ್ಠಗಳ ಮೊತ್ತಕ್ಕಿಂತ ಭಾಳ ಕೆಳಗ ಇರ್ತದ. ಆದ್ರ ನಾಕು ಸರ್ವರಿನ ಕೋಣೀಗೆ ಅಷ್ಟು ಸೂಕ್ಷ್ಮ ಬ್ಯಾಡ. ಕರೆಂಟು ಹೋಗಿ ಬಂದು ಎಲ್ಲಾ ಒಮ್ಮೆಲೆ ಬೂಟ್ ಆಗೋವಾಗ ಫ್ಯಾನ್ ಪೂರ್ತಿ ತಿರುಗ್ತಾವ, ಡಿಸ್ಕ್ ಎಲ್ಲಾ ಒಟ್ಟಿಗೆ ಏಳ್ತಾವ. ಆ ಹೊತ್ತಿಗೆ ಈ 950 ಇರ್ಲಿ ಅಂತ ಇಟ್ಟೀನಿ. ಐಡ್ರ್ಯಾಕ್‌ದಾಗ ಒಂದೊಂದು ಸರ್ವರಿಗೆ ಬ್ಯಾರೆ ಬ್ಯಾರೆ ಪವರ್-ಆನ್ ವಿಳಂಬ ಕೊಟ್ರ ಅದನ್ನೂ ತಪ್ಪಿಸಬಹುದು.

ಲ್ಯಾಬ್_ಕಲಬುರಗಿ:

ಸರ್, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ನೆಲಮಹಡಿಯಲ್ಲಿ ಹಳೆಯ ಡ್ರಾಯಿಂಗ್ ಹಾಲಿನ ಪಕ್ಕ ಒಂದು ಕೋಣೆ ಖಾಲಿ ಇದೆ, ಅದನ್ನೂ ಲೆಕ್ಕದ ಎರಡನೇ ಆಯ್ಕೆಯಾಗಿ ಬರೆಯುತ್ತಿದ್ದೇನೆ. ಕೊನೆಯದೊಂದು ಪ್ರಶ್ನೆ: ಮೂರನೇ ಮಹಡಿಯೇ ಗತಿ ಅಂತಾದರೆ ಜಾಗ ಉಳಿಸಲು ಬ್ಯಾಟರಿ ಸ್ಟ್ಯಾಂಡನ್ನು ಹೊರಗೆ ಕಾರಿಡಾರಿನಲ್ಲಿ ಇಡಬಹುದೇ? ಬ್ಯಾಟರಿ ಅಷ್ಟೇನೂ ಬಿಸಿ ಬಿಡುವುದಿಲ್ಲವಲ್ಲ.

ಹುಬ್ಬಳ್ಳಿ_ಯುಪಿಎಸ್:

ಬಿಸಿ ಬಿಡಂಗಿಲ್ಲ, ಆದ್ರ ಬಿಸಿ ತಡಕೊಳ್ಳಂಗೂ ಇಲ್ಲ. ಈ ಮೊಹರು ಹಾಕಿದ ಲೆಡ್ ಬ್ಯಾಟರಿಗೆ ಆಯುಷ್ಯ ಲೆಕ್ಕ ಹಾಕೋದು 25 ಡಿಗ್ರಿಗೆ. ಅದರ ಮ್ಯಾಲ 10 ಡಿಗ್ರಿ ಏರಿದ್ರ ಆಯುಷ್ಯ ಹೆಚ್ಚುಕಡಿಮಿ ಅರ್ಧ. ಕಲಬುರಗಿ ಕಾರಿಡಾರಿನಾಗ ಮೇ ತಿಂಗಳ 40 ಡಿಗ್ರಿಗೆ ಇಟ್ರ ಐದು ವರ್ಷದ ಬ್ಯಾಟರಿ ಎರಡು ವರ್ಷಕ್ಕ ಉಬ್ಬತಾವ. ಒಳಗ ಇಡ್ರಿ, ಎಸಿ ಗಾಳಿ ತಾಕೋ ಕಡೆ, ಆದ್ರ ರ‍್ಯಾಕಿನ ಹಿಂದಿನ ಬಿಸಿ ಗಾಳಿಗೆ ಎದುರಲ್ಲ. ಕರೆಂಟು ಬಂದ ಮ್ಯಾಲ ಚಾರ್ಜ್ ಆಗೋವಾಗ ಯುಪಿಎಸ್ ಇನ್ನೂ ಸುಮಾರು 900 ವ್ಯಾಟ್ ಎಳೀಬಹುದು, ಬ್ಯಾಟರಿ 42 ಆಂಪಿಯರ್-ತಾಸಿನವು ಅಂತ ಹಿಡದು ಹೇಳ್ತೀನಿ. ಅದರಾಗ ಹೆಚ್ಚಿನದು ಬ್ಯಾಟರಿಯೊಳಗ ಕೂಡ್ತದ, ಕೋಣೀಗೆ ಬರೋ ಬಿಸಿ ಸ್ವಲ್ಪ. ಆದ್ರ ಜನರೇಟರಿನ ಲೆಕ್ಕದಾಗ ಅದನ್ನ ಮರೀಬ್ಯಾಡ್ರಿ: ಯುಪಿಎಸ್‌ಗೆ 2.3, ಚಾರ್ಜಿಗೆ 0.9, ಎರಡು ಟನ್ ಎಸಿಗೆ ಸುಮಾರು 2, ಒಟ್ಟು 5.2 ಕಿಲೋವ್ಯಾಟ್ ಈ ಕೋಣೀದು.

16 ಬ್ಯಾಟರಿ ಸಾಲಾಗಿ ಅಂದ್ರ 192 ವೋಲ್ಟ್ ಡಿಸಿ, ಕೈ ತಾಕಿದ್ರ ಬಿಡಂಗಿಲ್ಲ. ನಡುವ ಹಾಕೋ ಎಂಸಿಬಿ (ಕರೆಂಟು ಹೆಚ್ಚಾದ್ರ ತಾನ ಬೀಳೋ ಸ್ವಿಚ್) ಡಿಸಿಗೆ ಮಾಡಿದ್ದ ಇರಬೇಕು, ಮನೀಗೆ ಬರೋ ಎಸಿ ಕರೆಂಟಿನ ಎಂಸಿಬಿ ಡಿಸಿ ಕಿಡಿಯನ್ನ ಆರಿಸಂಗಿಲ್ಲ. ಕಾಂಟ್ರಾಕ್ಟರರಿಗೆ ಇದನ್ನ ಬರವಣಿಗ್ಯಾಗ ಕೊಡ್ರಿ. ಸ್ಟ್ಯಾಂಡಿನ ತೂಕಾನೂ ಸಿವಿಲ್ ವಿಭಾಗದವರಿಗೆ ಒಂದು ಮಾತು ಕೇಳ್ರಿ, 42 ಆಂಪಿಯರ್-ತಾಸಿನ ಬ್ಯಾಟರಿ ಒಂದೊಂದು 13-14 ಕೆಜಿ, ಎಲ್ಲಾ ಒಂದೇ ಮೂಲಿಗೆ ಕೂಡ್ತಾವ.